ಸೋರೆಬುರುಡೆಯ ಜಾಡು ಹಿಡಿದು ರೈಷೆನಾವ್ ದ್ವೀಪಕ್ಕೆ

ಜರ್ಮನಿಯಲ್ಲಿ ಬೇಸಿಗೆ ಬಂತೆಂದರೆ ಊರೂರಲ್ಲೂ ಮಧ್ಯಯುಗದ ಸಂತೆ. ಕತ್ತಿ, ಗುರಾಣಿ ಹಿಡಿದವರ ನಡುವೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡ ಯಾತ್ರಿಕನ ವೇಷದವರೂ ಕಾಣಸಿಗುತ್ತಾರೆ. ಶಾಲೆಯಲ್ಲಿ ಇತಿಹಾಸ ಓದುವ ಮಗು ಕೇಳಬಹುದು: "ಅಮ್ಮಾ, ಕ್ಯೂರ್ಬಿಸ್ ಬಂದದ್ದು ಅಮೆರಿಕದಿಂದ ಅಲ್ವಾ? ಹಾಗಾದ್ರೆ ಇದು ಸುಳ್ಳು ವೇಷ!"

ಇದಕ್ಕೆ ಉತ್ತರ ಬೇಕಿದ್ದರೆ ದಕ್ಷಿಣದ ಬೋಡನ್‌ಸೇ ಸರೋವರದಲ್ಲಿರುವ ರೈಷೆನಾವ್ ದ್ವೀಪಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೊನ್‌ಸ್ಟಾನ್ಸ್ ನಗರಕ್ಕೆ ಇದು ಹತ್ತಿರ. ನೀರಿನ ನಡುವಿನ ಸಾಲುಮರದ ರಸ್ತೆಯಲ್ಲಿ ನಡೆದೇ ದ್ವೀಪ ಸೇರಬಹುದು. ಇಲ್ಲಿನ ಮಠ ಶುರುವಾದದ್ದು 724ರಲ್ಲಿ. 2000ದಲ್ಲಿ ದ್ವೀಪ ಯುನೆಸ್ಕೋ ಪಟ್ಟಿ ಸೇರಿತು. ಇಂದಿಗೂ ಇದು ತರಕಾರಿ ಬೆಳೆಯುವವರ ದ್ವೀಪ.

9ನೇ ಶತಮಾನದಲ್ಲಿ ಈ ಮಠದ ಮುಖ್ಯಸ್ಥನಾಗಿದ್ದ ವಾಲಾಫ್ರಿಡ್ ಸ್ಟ್ರಾಬೊ, ತೋಟದ ಗಿಡಗಳ ಮೇಲೆ ಲ್ಯಾಟಿನ್ ಕಾವ್ಯ ಬರೆದ. ಹೆಸರು 'ಹಾರ್ಟುಲಸ್', ಎಂದರೆ ಪುಟ್ಟ ತೋಟ. ಅದರಲ್ಲಿ ಹಬ್ಬುವ ಬಳ್ಳಿಯೊಂದರ ವರ್ಣನೆಯಿದೆ. ಎಳೆಯ ಕಾಯಿ ಅಡುಗೆಗೆ, ಬಲಿತು ಒಣಗಿದ್ದು ದ್ರಾಕ್ಷಾರಸ ತುಂಬಿಡುವ ಪಾತ್ರೆಗೆ. ಮಿಟ್ಟೆಲ್‌ತ್ಸೆಲ್ ಚರ್ಚಿನ ಪಕ್ಕದಲ್ಲಿ ಆ ಕಾವ್ಯದ ಗಿಡಗಳನ್ನೇ ಬೆಳೆಸಿದ ತೋಟ ಈಗಲೂ ಇದೆ.

ಅಂದರೆ ಕೊಲಂಬಸ್ ಹೊರಡುವ 1492ಕ್ಕೆ ಆರು ಶತಮಾನ ಮೊದಲೇ ಇಲ್ಲಿ ಬುರುಡೆ ಬಳಕೆಯಲ್ಲಿತ್ತು. ಸೋರೆಯ ಮೂಲ ಆಫ್ರಿಕಾ. ರೋಮನ್ನರಿಗೂ ಅದು ಗೊತ್ತಿತ್ತು. ಅಮೆರಿಕದಿಂದ ಬಂದದ್ದು ಸಿಹಿಗುಂಬಳ. ಜರ್ಮನ್ನರು ಎರಡಕ್ಕೂ 'ಕ್ಯೂರ್ಬಿಸ್' ಎನ್ನುವುದರಿಂದಲೇ ಈ ಗೊಂದಲ. ಬೇರ್ಪಡಿಸಿ ಹೇಳಬೇಕಾದರೆ ಸೋರೆಗೆ 'ಫ್ಲಾಶನ್‌ಕ್ಯೂರ್ಬಿಸ್', ಅಂದರೆ ಬಾಟಲಿ ಕುಂಬಳ, ಎನ್ನಬೇಕು. ಕನ್ನಡದಲ್ಲಿ ಆ ತೊಡಕೇ ಇಲ್ಲ: ಸೋರೆ ಸೋರೆಯೇ, ಕುಂಬಳ ಕುಂಬಳವೇ.

ಹಾಗೆಂದು ಯುರೋಪಿನ ಎಲ್ಲರೂ ಬುರುಡೆಯಲ್ಲೇ ಕುಡಿಯುತ್ತಿದ್ದರು ಎಂದಲ್ಲ. ಸೋರೆಗೆ ಉದ್ದನೆಯ, ಬೆಚ್ಚಗಿನ ಬೇಸಿಗೆ ಬೇಕು. ತಂಪು ನಾಡುಗಳಲ್ಲಿ ಮರ, ಮಣ್ಣು, ಚರ್ಮದ ಪಾತ್ರೆಗಳದ್ದೇ ಕಾರುಬಾರು. ಆದ್ದರಿಂದ ಸಂತೆಯಲ್ಲಿ ಸಿಗುವ ವೇಷಧಾರಿಯನ್ನು ಮಕ್ಕಳು ಕೇಳಬೇಕಾದ ಪ್ರಶ್ನೆ: "ನೀವು ಯಾವ ಊರಿನವರು, ಯಾವ ಕಾಲದವರು?"

ಮನೆಯಲ್ಲೂ ಮಾಡಿ ನೋಡಬಹುದು. ಮೇ ಮಧ್ಯದಲ್ಲಿ ಹಿಮದ ಭಯ ಕಳೆದ ಮೇಲೆ ಸೋರೆ ಸಸಿ ನೆಡಿ. ಬಲಿತ ಕಾಯನ್ನು ಗಾಳಿಯಾಡುವಲ್ಲಿ ಕೆಲವು ತಿಂಗಳು ಒಣಗಿಸಿ. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಬುರುಡೆ ಸಿದ್ಧ. ಅಲಂಕಾರಕ್ಕೆ ಮಾರುವ ಕಾಯಿಗಳು ವಿಷಕಾರಿಯಾಗಿರಬಹುದು. ಕಹಿ ಇದ್ದರೆ ಅಡುಗೆಗೂ ಬೇಡ, ಕುಡಿಯುವ ಪಾತ್ರೆಗೂ ಬೇಡ.

ಊರಿಗೆ ಫೋನ್ ಮಾಡಿದಾಗ ಅಜ್ಜ-ಅಜ್ಜಿಯನ್ನು ಮಕ್ಕಳೇ ಕೇಳಲಿ: ಹಿಂದೆ ನಮ್ಮಲ್ಲಿ ಸೋರೆಬುರುಡೆ ಏನೇನಕ್ಕೆ ಬಳಸುತ್ತಿದ್ದರು? ನೀರಿಗೆ, ಬಿತ್ತನೆ ಬೀಜಕ್ಕೆ, ಈಜು ಕಲಿಯಲು, ತಂಬೂರಿಗೆ... ಮಾತು ಬೇಗ ಮುಗಿಯುವುದಿಲ್ಲ.