ಅಡ್ಯಾರಿನ ಹಳದಿ ಹೂವು: ಗರುಗವೋ, ಕಳೆಯೋ?

ಚೆನ್ನೈಗೆ ಬಂದ ನಮ್ಮವರು ಅಡ್ಯಾರ್, ಬೆಸೆಂಟ್ ನಗರದ ಕಡೆ ಕಾಲಾಡಿಸಲು ಹೊರಟರೆ ಒಂದು ಹೂವು ಕಣ್ಣಿಗೆ ಬೀಳದೆ ಇರದು. ಅಪಾರ್ಟ್‌ಮೆಂಟುಗಳ ಕಾಂಪೌಂಡಿನ ಅಂಚಿನಲ್ಲಿ, ಚರಂಡಿಯ ಪಕ್ಕದಲ್ಲಿ ಹಸಿರು ಜಮಖಾನೆ ಹಾಸಿದಂತೆ ಹಬ್ಬಿ, ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂ ಬಿಡುವ ಬಳ್ಳಿ. ನರ್ಸರಿಯವರ ಬಾಯಲ್ಲಿ ಇದು ವೆಡೀಲಿಯಾ. ಸಿಂಗಪುರ ಡೇಸಿ ಎಂಬ ಹೆಸರೂ ಉಂಟು. ಆದರೆ ತವರು ಸಿಂಗಪುರವಲ್ಲ, ಮೆಕ್ಸಿಕೋ ಹಾಗೂ ದಕ್ಷಿಣ ಅಮೆರಿಕದ ಕಡೆಯ ಬಿಸಿನಾಡು. (ಬಿ.ಎ.ಯಲ್ಲಿ ವರ್ಡ್ಸ್‌ವರ್ತನ ಡೇಸಿಯನ್ನು ಮೆಚ್ಚಿದ್ದ ನನಗೆ ಈ ಡೇಸಿಯ ಮೇಲೆ ಮಾತ್ರ ಪ್ರೀತಿ ಹುಟ್ಟಲಿಲ್ಲ!)

ಬರೀ ಹೂವಿನ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಗರುಗದ ಸೊಪ್ಪಿಗೆ ಇಲ್ಲಿ ಕರಿಸಲಾಂಕಣ್ಣಿ ಎನ್ನುತ್ತಾರೆ. ವಡಲೂರಿನ ರಾಮಲಿಂಗ ಸ್ವಾಮಿಗಳು (1823–1874) ಕೊಂಡಾಡಿದ ಸೊಪ್ಪು. ಬಿಳಿ ಹೂವಿನದಲ್ಲದೆ ಹಳದಿ ಹೂವಿನದೂ ಒಂದಿದೆ, 'ಮಂಜಳ್ ಕರಿಸಲಾಂಕಣ್ಣಿ'. ತೊಂದರೆ ಇಲ್ಲಿಯೇ. ಎದುರುಮನೆ ಮಾಮಿ ಒಂದು ಬೆಳಿಗ್ಗೆ ಚರಂಡಿ ಬದಿಯ ವೆಡೀಲಿಯಾವನ್ನೇ ಚೀಲ ತುಂಬ ಕಿತ್ತು ತಂದಿದ್ದರು. ಅರ್ಧ ತಲೆಯೆಣ್ಣೆಗೆ, ಅರ್ಧ ಪೊರಿಯಲ್‌ಗೆ!

"ಮಾಮಿ, ಇದು ಅದಲ್ಲ" ಎಂದೆ.

"ಹೂ ಹಳದಿ ತಾನೇ?" ಎಂದರು.

ಹೂವನ್ನು ನಂಬುವಂತಿಲ್ಲ, ಎರಡೂ ಹತ್ತಿರದ ನೆಂಟರು. ಎಲೆ ನೋಡಬೇಕು. ವೆಡೀಲಿಯಾದ ಎಲೆ ದಪ್ಪ, ಹೊಳಪು. ಅಂಚಿನಲ್ಲಿ ಹಲ್ಲು, ಸಾಮಾನ್ಯವಾಗಿ ಎರಡು ಪಕ್ಕದಲ್ಲೂ ಕಿವಿಯಂತೆ ಚಾಚಿ ಮೂರು ಭಾಗವಾಗಿ ಕಾಣುತ್ತದೆ. ಮಂಜಳ್ ಕರಿಸಲಾಂಕಣ್ಣಿಯ ಎಲೆ ನೀಳ, ಕಿರಿದು, ಕಿವಿಗಳಿಲ್ಲ. ಬಿಳಿ ಗರುಗವಂತೂ ಸುಲಭ, ಹೊಸಕಿದರೆ ರಸ ಕಪ್ಪಾಗುತ್ತದೆ. ನಮ್ಮಜ್ಜಿ ಆ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ ಕಾಡಿಗೆ ಹಿಡಿಯುತ್ತಿದ್ದರು. ವೆಡೀಲಿಯಾದಿಂದ ಆ ಕಾಡಿಗೆ ಬಂದೀತೇ? ಇಷ್ಟಾಗಿಯೂ ಅನುಮಾನ ಉಳಿದರೆ ಬಾಯಿಗೆ ಹಾಕಬೇಡಿ.

ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಬಳ್ಳಿಯ ಹೆಸರಿದೆ. ಇದು ಹರಡುವುದು ಹೆಚ್ಚಾಗಿ ಬೀಜದಿಂದಲ್ಲ, ಕಾಂಡದ ಗೆಣ್ಣಿನಿಂದ. ಪ್ರತಿ ಗೆಣ್ಣೂ ನೆಲ ಮುಟ್ಟಿದಲ್ಲಿ ಬೇರೂರುತ್ತದೆ. ಮಾಲಿ ಕತ್ತರಿಸಿ ಖಾಲಿ ಸೈಟಿಗೆ ಎಸೆದ ರಾಶಿಯೇ ಮುಂದಿನ ಮಳೆಗೆ ಹೊಸ ತೋಟ! ಅದರ ಹಾಸಿನಡಿ ಬೇರೆ ಗಿಡಗಳು ತಲೆಯೆತ್ತಲಾರವು. ಗರುಗ ಬೆಳೆಯುವ ತೇವದ ಜಾಗವೂ ಅದಕ್ಕೆ ಪ್ರಿಯ.

ನಮ್ಮ ಕಟ್ಟಡದಲ್ಲಿ ಈಗ ಕಿತ್ತದ್ದನ್ನು ಮಣ್ಣು ಸೋಕಿಸದೆ ತಾರಸಿಗೆ ಒಯ್ದು, ಮೇ ತಿಂಗಳ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿದ ಮೇಲೆಯೇ ಕಸಕ್ಕೆ ಕೊಡುತ್ತೇವೆ. ಪಕ್ಕದಲ್ಲೇ ಮಾಮಿಯ ವಡಾಮ್ ಒಣಗುತ್ತಿರುತ್ತದೆ. ಕಾಗೆ ಓಡಿಸುವ ಕೆಲಸ ಎರಡಕ್ಕೂ ಸೇರಿ ಅವರದೇ.