ಎಲ್ಲಾ ಉಷ್ಣದ ಮಹಿಮೆ

ನೋವಿನಲ್ಲೂ ಜಾತಿಭೇದ ಉಂಟು. ಮಂಡಿನೋವಿನವನು ಮದುವೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಹತ್ತು ಜನರಿಗೆ ತನ್ನ ಮಂಡಿಯ ಚರಿತ್ರೆ ಹೇಳಬಹುದು. ನನ್ನ ನೋವಿದ್ದದ್ದು ವೃಷಣಕ್ಕೂ ಗುದಕ್ಕೂ ನಡುವಿನ ಎರಡಂಗುಲ ಜಾಗದಲ್ಲಿ. ಅದಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರೇ ಇಲ್ಲ. "ಎಲ್ರೀ ನೋವು?" ಅಂತ ಹೆಂಡತಿ ಕೇಳಿದಾಗ "ಕೆಳಗೆ" ಅಂದೆ. ಪಾಪ, ಪಾದಕ್ಕೆ ಹಚ್ಚಲು ಅಮೃತಾಂಜನ ತಂದಳು.

ಸುದ್ದಿ ಅತ್ತೆಯವರನ್ನು ಮುಟ್ಟುವ ಹೊತ್ತಿಗೆ ಅದು 'ಉಷ್ಣ' ಆಗಿತ್ತು. ಉಷ್ಣ ಅನ್ನುವುದು ನಮ್ಮಲ್ಲಿ ಕಾಯಿಲೆಯಲ್ಲ, ಮಾನ ಮುಚ್ಚುವ ಪಂಚೆ. ಎಳನೀರು, ಕಾಮಕಸ್ತೂರಿ ಬೀಜ, ಹೊಕ್ಕುಳಿಗೆ ಹರಳೆಣ್ಣೆ, ಚೊಂಬುಗಟ್ಟಲೆ ಬಾರ್ಲಿ ನೀರು ಎಲ್ಲವೂ ಆದವು. ರಾತ್ರಿ ಎರಡು ಸಲ ಏಳುತ್ತಿದ್ದವನು ಬಾರ್ಲಿಯ ದಯೆಯಿಂದ ಐದು ಸಲ ಏಳತೊಡಗಿದೆ.

ಕೊನೆಗೆ ಡಾಕ್ಟರಿಗೆ ತೋರಿಸಿದೆ. 'ಪ್ರೋಸ್ಟಟೈಟಿಸ್' ಎಂದು ಬರೆದು ನಾಲ್ಕು ವಾರಕ್ಕೆ ಆಂಟಿಬಯೋಟಿಕ್ ಕೊಟ್ಟರು. ಮೂತ್ರದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಇರಲಿ ಅಂತ ಇನ್ನೂ ನಾಲ್ಕು ವಾರ ಕೊಟ್ಟರು. ಕಳ್ಳ ಸಿಗಲಿಲ್ಲ, ಕರುಳಿನಲ್ಲಿ ತಮ್ಮ ಪಾಡಿಗಿದ್ದ ಬ್ಯಾಕ್ಟೀರಿಯಾಗಳಿಗೆ ಲಾಠಿ ಏಟು ಬಿತ್ತು.

ಎರಡನೆಯ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. "ಈ ಹೆಸರೇ ಅರ್ಧ ಸುಳ್ಳು ಕಣ್ರೀ" ಅಂದರು. ಪ್ರೋಸ್ಟೇಟ್ ಅಂದರೆ ಮೂತ್ರಕೋಶದ ಬುಡದಲ್ಲಿ ಕೂತಿರುವ, ಸಿಪ್ಪೆ ಸುಲಿಯದ ಅಡಿಕೆಯಷ್ಟು ಗ್ರಂಥಿ. ಅದರ ಹೆಸರಿನಲ್ಲಿ ವರ್ಷಗಟ್ಟಲೆ ನರಳುವ ನೂರು ಗಂಡಸರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಸೋಂಕೇ ಇರುವುದಿಲ್ಲವಂತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 1999ರ ಹೊತ್ತಿಗೆ ಈ ರೋಗವನ್ನು ನಾಲ್ಕು ಕೋಣೆಗಳಾಗಿ ಹಂಚಿದರು. ಸೋಂಕು ಕಾಣದೆ ನೋವು ಮಾತ್ರ ಉಳಿದವರಿಗೆಲ್ಲ ಮೂರನೆಯ ಕೋಣೆ. ಜನಜಂಗುಳಿ ಇರುವುದೂ ಅಲ್ಲೇ. 2004ರಲ್ಲಿ ಇಂಥ 196 ಜನರ ಮೇಲೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ಕನ್ನೂ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ನನ್ನೂ ಪರೀಕ್ಷಿಸಿದಾಗ, ಆರು ವಾರದ ಕೊನೆಗೆ ಅವು ಔಷಧವಿಲ್ಲದ ಗುಳಿಗೆಗಿಂತ ಮೇಲೆನಿಸಲಿಲ್ಲ. (ಚಳಿಜ್ವರ ಬಂದು ಮೂತ್ರ ಕಟ್ಟಿದರೆ ಅದು ಮೊದಲನೆಯ ಕೋಣೆ. ಆಗ ಹರಟೆ ಓದುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು.)

ನೋವಿಗೆ ಅಂಕ ಕೊಡುವ ಪ್ರಶ್ನಾವಳಿಯೊಂದನ್ನು ಕೈಗಿತ್ತರು. ಪೂರ್ಣಾಂಕ 43. ಕೊನೆಯ ಪ್ರಶ್ನೆ, ಹೋದ ವಾರ ಇದ್ದ ಹಾಗೆಯೇ ಜೀವಮಾನವಿಡೀ ಇದ್ದರೆ ಹೇಗನ್ನಿಸೀತು ಎಂದು. ಪೆನ್ನು ಕೆಳಗಿಟ್ಟು ಫ್ಯಾನು ನೋಡಿದೆ. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನನಗೆ ಬಂದದ್ದು 26. ಗಣಿತದಲ್ಲೂ ಇಷ್ಟು ಬಂದಿದ್ದು ನೆನಪಿಲ್ಲ.

ಅಲ್ಲಿಂದ ಫಿಜಿಯೋಥೆರಪಿಸ್ಟ್ ಹತ್ತಿರ. ಆಕೆಗೆ ನನ್ನ ಮಗಳ ವಯಸ್ಸು. ಗ್ಲೌಸ್ ಹಾಕಿದ ಬೆರಳಿಂದ ಒಂದು ಕಡೆ ಒತ್ತಿದ್ದೇ ತಡ, ನನ್ನ ಎರಡಂಗುಲದ ನೋವು ಅಲ್ಲೇ ಪ್ರತ್ಯಕ್ಷ! "ಸರ್, ಸ್ನಾಯು ಇದು, ಕಿಬ್ಬೊಟ್ಟೆಯ ತಳಕ್ಕೆ ಜೋಳಿಗೆ ಇದ್ದ ಹಾಗೆ. ನೀವು ಬಿಗಿ ಹಿಡ್ಕೊಂಡಿದೀರಿ. ಬಿಡಿ" ಅಂದಳು. ಬಿಡುವುದು ಹೇಗೆ? ಇಪ್ಪತ್ತೆರಡು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು ನಾನು. ಸಂಜೆ ಲೆಕ್ಕ ತಾಳೆಯಾಗುವವರೆಗೆ ಉಸಿರೂ ಹಿಡಿ, ಉಳಿದದ್ದೂ ಹಿಡಿ. ಸಾಲದ್ದಕ್ಕೆ ಮೊಬೈಲಿನಲ್ಲಿ ನೋಡಿ, ಅದೇ ಸ್ನಾಯುವನ್ನು ಬಿಗಿಯುವ ಕೆಗೆಲ್ ವ್ಯಾಯಾಮ ಬೇರೆ ಮಾಡುತ್ತಿದ್ದೆ. ಬಿಗಿದ ಗಂಟನ್ನೇ ಮತ್ತೆ ಎಳೆದ ಹಾಗಾಗಿತ್ತು.

ಡೇವಿಡ್ ವೈಸ್ ಎಂಬ ಮನಶ್ಶಾಸ್ತ್ರಜ್ಞ ಸ್ವತಃ ಇದನ್ನು ಅನುಭವಿಸಿ, ಸ್ಟ್ಯಾನ್‌ಫರ್ಡಿನ ಮೂತ್ರರೋಗ ತಜ್ಞ ರಾಡ್ನಿ ಆ್ಯಂಡರ್ಸನ್ ಜತೆ ಪುಸ್ತಕವನ್ನೇ ಬರೆದಿದ್ದಾರೆ. ಅವರು ಇದನ್ನು ಕರೆದದ್ದು ಕಿಬ್ಬೊಟ್ಟೆಯ ತಲೆನೋವು ಎಂದು. ಅತ್ತೆಯವರ ಉಷ್ಣಕ್ಕಿಂತ ಇದು ನನಗೆ ಒಪ್ಪಿಗೆಯಾಯಿತು.

ಈಗ ಹೊಟ್ಟೆಯುಬ್ಬಿಸಿ ಉಸಿರಾಡುತ್ತೇನೆ, ಕುಕ್ಕರಗಾಲಿನಲ್ಲಿ ಕೂರುತ್ತೇನೆ, ದಿನಾ ಬೀಸು ನಡಿಗೆ. ರಾತ್ರಿ, ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಹದವಾದ ಬಿಸಿನೀರು ತುಂಬಿ ಹದಿನೈದು ನಿಮಿಷ ಮುಳುಗಿ ಕೂರುವುದು. ಆ ಭಂಗಿಯಲ್ಲಿ ನನ್ನನ್ನು ನೋಡಿ ಹೆಂಡತಿ, "ಸರ್ಫ್ ಹಾಕ್ಲಾ?" ಅನ್ನುತ್ತಾಳೆ. ಅಂಕ 11ಕ್ಕೆ ಇಳಿದಿದೆ. ಮಾರ್ಚ್ ತಿಂಗಳ ಲೆಕ್ಕಪತ್ರದಲ್ಲಿ ಮತ್ತೆ ಏರುತ್ತದೆ, ಅದೂ ಗೊತ್ತು.

ಮೊನ್ನೆ ಪಾರ್ಕಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಬೆಂಚಿನ ಅಂಚಿಗೆ ಒಂದೇ ಕುಂಡೆ ಊರಿ ಕೂತಿದ್ದರು. "ಏನ್ ಸಾರ್ ಹೀಗೆ?" ಅಂದೆ.

"ಏನಿಲ್ಲ ಮಾರಾಯ್ರೇ, ಸ್ವಲ್ಪ ಉಷ್ಣ."

"ಎರಡಂಗುಲದ್ದಾ?"

ಅವರು ಆಚೆ ಈಚೆ ನೋಡಿ, ಹತ್ತಿರ ಸರಿದರು.