ಯಾರು ತುಂಬಿದ ತೋಟೆ?



ನಮ್ಮವರ ಯಾರ ಮನೆಯ ಫ್ರಿಜ್ ತೆಗೆದರೂ ಮೊಸರಿನ ಡಬ್ಬದಲ್ಲಿ ಸಾರು, ಐಸ್‌ಕ್ರೀಂ ಡಬ್ಬದಲ್ಲಿ ಕೊತ್ತಂಬರಿ ಸೊಪ್ಪು ಇರುತ್ತದೆ. ಒಮ್ಮೆ ಬಳಸಿದ್ದನ್ನು ಎಸೆಯಲು ನಮಗೆ ಮನಸ್ಸು ಬಾರದು. ಒಳ್ಳೆಯ ಗುಣವೇ. ಆದರೆ ಈ ಗುಣವೇ ನನ್ನನ್ನು ಒಮ್ಮೆ ಪೇಚಿಗೆ ಸಿಕ್ಕಿಸಿತು.

ನನ್ನ ಊರು ಕೊಡಗು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವವರು ನಾವು. ಬ್ರಿಟಿಷರ ಕಾಲದಿಂದ ಬಂದ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರ ವರೆಗೆ ಮುಂದುವರಿಸಿದೆ. ಹಾಗಾಗಿ ಫ್ಲವರ್ ಮೌಂಡಿಗೆ ಬಂದ ಮೇಲೆ ಒಂದು .308 ರೈಫಲ್ ಕೊಂಡಾಗ ನನಗೆ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ತೋಟೆಗಳ ಬೆಲೆ! ಒಂದು ಗನ್ ಶೋದಲ್ಲಿ ಯಾರೋ ಬಳಸಿದ ಹಿತ್ತಾಳೆಗೆ ಮತ್ತೆ ಮದ್ದು ತುಂಬಿದ ತೋಟೆಗಳನ್ನು ಅಗ್ಗವಾಗಿ ಮಾರುತ್ತಿದ್ದರು. ಒಂದು ಚೀಲ ತಂದೆ.

ಮುಂದಿನ ಶನಿವಾರ ಹದಿನಾರರ ಮಗನನ್ನು ಕರೆದುಕೊಂಡು ರೇಂಜಿಗೆ ಹೋದೆ. ನಾಲ್ಕು ಈಡು ಸರಿಯಾಗಿ ಹೋದವು. ಐದನೆಯದಕ್ಕೆ ಮುಖಕ್ಕೆ ಬಿಸಿ ಹೊಗೆ ರಪ್ಪನೆ ಬಡಿಯಿತು. ಬೋಲ್ಟ್ ಎಳೆದರೆ ತೋಟೆಯ ಹಿಂದಿನ ತುಂಡು ಮಾತ್ರ ಹೊರಬಂತು. ಮುಂದಿನ ತುಂಡು ಒಳಗೇ ಕಚ್ಚಿಕೊಂಡಿತ್ತು. ನನ್ನ ಕನ್ನಡಕದ ತುಂಬ ಮಸಿ. ಹಿಂದೆ ನಿಂತ ಮಗ, "ಅಪ್ಪಾ, ಮುಂದಿನದು ನನ್ನ ಸರದಿ ಇತ್ತು" ಎಂದ. ಕೈ ನಡುಗಿದ್ದು ಆಗ.

ಪಕ್ಕದ ಮನೆಯ ಅಮೆರಿಕನ್ ಹಿರಿಯರು ನಲವತ್ತು ವರ್ಷಗಳಿಂದ ತಮ್ಮ ತೋಟೆಗಳನ್ನು ತಾವೇ ತುಂಬಿಕೊಳ್ಳುವವರು. ತುಂಡನ್ನು ನೋಡಿ ಅವರು ನನಗೆ ಪಾಠವನ್ನೇ ಮಾಡಿದರು. .308 ತೋಟೆ ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 62,000 ಪೌಂಡಿನವರೆಗೂ ಹೋಗಬಹುದು. ನಮ್ಮ ಕಾರಿನ ಟೈರಿನಲ್ಲಿರುವುದು ಸುಮಾರು 35. ಆ ಒತ್ತಡಕ್ಕೆ ಹಿತ್ತಾಳೆ ಹಿಗ್ಗುತ್ತದೆ, ಉದ್ದವಾಗುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುತ್ತಾರೆ. ಹೀಗೆ ಹಿಗ್ಗಿ ಕುಗ್ಗಿ ಬುಡದ ಹತ್ತಿರ ಗೋಡೆ ತೆಳುವಾಗಿ, ಒಂದು ದಿನ ಹರಿಯುತ್ತದೆ. ಹೊರಗೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅನುಮಾನಿಸಬೇಕು. ಪೇಪರ್ ಕ್ಲಿಪ್ಪಿನ ತುದಿಯನ್ನು ಬಗ್ಗಿಸಿ ಒಳಗೆ ಆಡಿಸಿದಾಗ ಬುಡದ ಬಳಿ ಗುಳಿಗೆ ಸಿಕ್ಕಿಕೊಂಡರೆ ಅದನ್ನು ಎಸೆಯಲೇಬೇಕು. ನನ್ನ ಚೀಲದಲ್ಲಿದ್ದ ಉಳಿದ ತೋಟೆಗಳಲ್ಲೂ ಆ ಗೆರೆ ಹಲವಕ್ಕಿತ್ತು. ನಾನು ನೋಡಿಯೇ ಇರಲಿಲ್ಲ.

ಇನ್ನೂ ಅಪಾಯಗಳಿವೆ. ತಪ್ಪು ಮದ್ದು ಬಿದ್ದರೆ ಅಥವಾ ಮದ್ದು ಹೆಚ್ಚಾದರೆ ಕೋವಿಯೇ ಒಡೆಯಬಹುದು. ಮದ್ದು ಕಡಿಮೆಯಾದರೆ 'ಠುಸ್' ಎಂದು ಗುಂಡು ನಳಿಗೆಯಲ್ಲೇ ನಿಲ್ಲಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. ಸೇನೆಯ ಹಿತ್ತಾಳೆಯ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅಷ್ಟೇ ಮದ್ದು ತುಂಬಿದರೂ ಒತ್ತಡ ಏರುತ್ತದೆ. ಬಳಸಿದ ಹಿತ್ತಾಳೆಯನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸವಿರುತ್ತದೆ. ಚಿಕ್ಕ ಮಕ್ಕಳನ್ನು ಆ ಗ್ಯಾರೇಜಿನಿಂದ ದೂರವಿಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಆ ಹಿರಿಯರ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಯಾವ ಹಿತ್ತಾಳೆ ಎಷ್ಟು ಸಲ ತುಂಬಿದ್ದು ಎಂಬುದಕ್ಕೆ ನೋಟ್‌ಬುಕ್ಕು. "ಬೇರೆಯವರು ತುಂಬಿದ್ದನ್ನು ನಾನು ಹೊಡೆಯುವುದಿಲ್ಲ, ನಾನು ತುಂಬಿದ್ದನ್ನು ಬೇರೆಯವರಿಗೆ ಕೊಡುವುದೂ ಇಲ್ಲ" ಎಂದರು. ನನಗೆ ಅಜ್ಜನ ನೆನಪಾಯಿತು. ಮಳೆಗಾಲದಲ್ಲಿ ಒಲೆಯಿಂದ ದೂರ ಕುಳಿತು ಖಾಲಿ ತೋಟೆಗೆ ಮದ್ದು, ಚರೆ ಅಳೆದು ತುಂಬುತ್ತಿದ್ದ ಅಜ್ಜ, ನೆಂಟರು ಪ್ರೀತಿಯಿಂದ ಕೊಟ್ಟ ಈಡನ್ನೂ ಮುಟ್ಟುತ್ತಿರಲಿಲ್ಲ. ಅದು ಅವನ ಜಂಬವೆಂದು ನಾನು ತಿಳಿದಿದ್ದೆ!

ಈ ಊರಿನಲ್ಲಿ ನಮ್ಮ ಮಕ್ಕಳು ಸ್ನೇಹಿತರ ಜೊತೆ ರೇಂಜಿಗೆ, ಕಾಡುಹಂದಿ ಬೇಟೆಗೆ ಹೋಗುವುದುಂಟು. ನಿಮ್ಮ ಮನೆಯಲ್ಲಿ ಕೋವಿ ಇಲ್ಲದಿರಬಹುದು, ಆದರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಟ್ಟು ಕಳಿಸಿ, "ಆ ತೋಟೆ ಯಾರು ತುಂಬಿದ್ದು?" ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಗೊತ್ತಿಲ್ಲವೆಂದರೆ ಆ ದಿನ ಮಕ್ಕಳು ಮನೆಯಲ್ಲೇ ಇರಲಿ.

ಮೊಸರಿನ ಡಬ್ಬಗಳನ್ನು ನಾವು ಈಗಲೂ ಎಸೆಯುವುದಿಲ್ಲ. ಆ ಹಿತ್ತಾಳೆಯ ತುಂಡನ್ನೂ ಎಸೆದಿಲ್ಲ. ಮಗ ಅದನ್ನು ತನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ.